ಲೊರ್ನಾಳ ಜೊತೆ ಮಣಿಪಾಲದಲ್ಲಿ ಊಟ

ಲೊರ್ನಾ ಬಹರೇನಿನಿಂದ ಏಳು ವರ್ಷದ ಮೇಲೆ ಊರಿಗೆ ಬಂದದ್ದು ೧೯೮೧ರ ಎಪ್ರಿಲ್ ತಿಂಗಳಲ್ಲಿ. ಬಂದ ಮೂರನೇ ದಿನವೇ ನಂದಿಕೂರಿನ ಅವಳ ಮನೆಯಿಂದ ಕಾಪುವಿಗೆ, ಗೆಳತಿ ಮ್ಯಾಗ್ಡಲಿನ್‌ಗೆ ಚೀಟಿ ಬಂತು: "ಶನಿವಾರ ಸಂಜೆ ತಯಾರಾಗಿರು ಮ್ಯಾಗಿ. ಮಣಿಪಾಲದಲ್ಲಿ ಹೊಸ ಹೋಟೆಲು ಉಂಟಂತೆ. ನಾವಿಬ್ಬರೇ ಹೋಗುವ."

ಶನಿವಾರದವರೆಗೆ ಮ್ಯಾಗ್ಡಲಿನ್ ಶಾಲೆಯ ಆಫೀಸಿನಲ್ಲಿ ಟೈಪು ಮಾಡಿದ ಕಾಗದಗಳಲ್ಲೆಲ್ಲ ತಪ್ಪು. ಅವಳ ಮನಸ್ಸು ಉಡುಪಿಯ ಬನ್ನಂಜೆಯಲ್ಲಿತ್ತು. ಎಪ್ಪತ್ತೆರಡರಲ್ಲಿ ಇಬ್ಬರೂ ಟೈಪಿಂಗ್ ಕಲಿಯಲು ಉಡುಪಿಗೆ ಬಂದು, ಅಲ್ಲಿ ಇಮೆಲ್ಡಾಬಾಯಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದರು. ತಿಂಗಳಿಗೊಮ್ಮೆ ರಥಬೀದಿಯ ಹತ್ತಿರ ಒಂದು ಮಸಾಲೆದೋಸೆ, ಎರಡು ತಟ್ಟೆ. ಲೊರ್ನಾಳಿಗೆ ಇನ್ನೊಂದು ಸೌಟು ಚಟ್ನಿ ಕೇಳಲೂ ನಾಚಿಕೆ. ಮ್ಯಾಗ್ಡಲಿನ್ನೇ ಗಟ್ಟಿಯಾಗಿ ಕೂಗಬೇಕಿತ್ತು. ತಿಂದು ಮುಗಿದರೂ ಮಾತು ಮುಗಿಯದೆ, ಮಾಣಿ ಮೇಜು ಒರೆಸಿ ಎಬ್ಬಿಸುತ್ತಿದ್ದ.

ಶನಿವಾರ ಲೊರ್ನಾ ಬಾಡಿಗೆಗೆ ಹಿಡಿದ ಮೂಸಾಕನ ಅಂಬಾಸಡರ್ ಕಾರು ಮನೆಯೆದುರು ಬಂದು ನಿಂತಿತು. ಲೊರ್ನಾ ದಪ್ಪಗಾಗಿದ್ದಳು, ಕೂದಲು ಕತ್ತರಿಸಿದ್ದಳು. ಇಬ್ಬರೂ ಅಪ್ಪಿಕೊಂಡರು.

ಹೋಟೆಲಿನೊಳಗೆ ಕಾಲಿಟ್ಟರೆ ಕತ್ತಲೆ. ಮೇಜಿಗೊಂದು ಬಣ್ಣದ ಬಲ್ಬು, ತಲೆಯ ಮೇಲೆ ಅರಚುವ ದೊಡ್ಡ ಸ್ಪೀಕರು. ಏಳು ವರ್ಷ ಕಾದು ನೋಡಲು ಬಂದ ಮುಖ ಎದುರಿಗಿದ್ದೂ ಮ್ಯಾಗ್ಡಲಿನ್‌ಗೆ ಸರಿಯಾಗಿ ಕಾಣಲಿಲ್ಲ.

"ಸ್ಟ್ಯಾನಿಸ್ಲಾಸನ ಜೊತೆ ನಿನ್ನ ಮದುವೆ ಸಂಬಂಧ ಯಾಕೆ ಮುರಿಯಿತು?" ಲೊರ್ನಾ ಕೇಳಿದಳು.

"ಎಂತ?"

"ಏನಿಲ್ಲ ಬಿಡು. ಆಮೇಲೆ ಹೇಳು."

ಸೂಪು ತಣ್ಣಗಿತ್ತು. ನೂಡಲ್ಸು ಅಂಟಿನ ಹಾಗೆ ಮುದ್ದೆಯಾಗಿತ್ತು. ಕೊನೆಗೆ ಪಾಂಪ್ಲೆಟ್ ಮೀನಿನ ಫ್ರೈ ಬಂತು. ಕಾಪುವಿನ ಕಡಲ ಬದಿಯಲ್ಲಿ ಹುಟ್ಟಿ ಬೆಳೆದ ಮ್ಯಾಗ್ಡಲಿನ್‌ಗೆ ತುಂಡು ಮುರಿಯುವಾಗಲೇ ಗೊತ್ತಾಯಿತು, ಅದು ಐಸಿನಲ್ಲಿ ವಾರಗಟ್ಟಲೆ ಬಿದ್ದಿದ್ದ ಮೀನು. ಲೊರ್ನಾ ಆಸೆಯಿಂದ ಕರೆತಂದಿದ್ದಾಳೆ, ಹೇಳುವುದು ಹೇಗೆ? ಸುಮ್ಮನೆ ನುಂಗಿದಳು.

ಆದರೆ ಲೊರ್ನಾ ವೇಟರನ್ನು ಕರೆದು ಇಂಗ್ಲಿಷಿನಲ್ಲಿ ದಬಾಯಿಸಿದಳು. "ಇವತ್ತಿನದ್ದೇ ಮೇಡಂ, ಮಲ್ಪೆಯದ್ದು" ಎಂದು ಅವನು ಒದ್ದಾಡಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಚಟ್ನಿ ಕೇಳಲು ನಾಚುತ್ತಿದ್ದ ಹುಡುಗಿ ಇವಳೇನಾ ಎಂದು ಮ್ಯಾಗ್ಡಲಿನ್ ತಲೆ ತಗ್ಗಿಸಿದಳು. ಆಮೇಲೆ ಲೊರ್ನಾ ತನ್ನ ಆಫೀಸಿನವರ ಸುದ್ದಿ ಹೇಳಿದಳು. ಆ ಹೆಸರುಗಳೊಂದೂ ಮ್ಯಾಗ್ಡಲಿನ್‌ಗೆ ಗೊತ್ತಿರಲಿಲ್ಲ. ಅವಳು ಶಾಲೆಯ ಇನ್‌ಸ್ಪೆಕ್ಷನ್ ಬಗ್ಗೆ ಹೇಳಿದಳು. ಲೊರ್ನಾ ಆಕಳಿಕೆ ತಡೆದುಕೊಂಡಳು. ಎಂಟು ಗಂಟೆಗೆಲ್ಲ ಇಬ್ಬರೂ ಹೊರಗಿದ್ದರು.

ಸಿನೆಮಾಕ್ಕೆ ಹೋಗುವ ಅಂದಾಜಿತ್ತು, ಇಬ್ಬರೂ ಅದರ ಮಾತೆತ್ತಲಿಲ್ಲ. ಕಾರು ಉಡುಪಿ ದಾಟಿತು, ಉದ್ಯಾವರದ ಸೇತುವೆ ದಾಟಿತು. ಕಿಟಕಿಯಿಂದ ಹೊಳೆಯ ಗಾಳಿ ಬಂತು. ಲೊರ್ನಾ ಮೂಗೆಳೆದದ್ದು ಕೇಳಿ ಮ್ಯಾಗ್ಡಲಿನ್ ತಿರುಗಿದಳು.

"ಅಳ್ತಿದ್ದೀಯಾ ಮಾರಾಯ್ತಿ?"

"ಬಹರೇನಿನಲ್ಲಿ ಶುಕ್ರವಾರ ರಜೆಯ ದಿನ ಒಬ್ಬಳೇ ಇಂಥದ್ದೇ ಹೋಟೆಲಿನಲ್ಲಿ ಕೂತು ಮನಸ್ಸಿನಲ್ಲೇ ನಿನ್ನ ಹತ್ತಿರ ಎಷ್ಟು ಮಾತಾಡ್ತೇನೆ ಗೊತ್ತುಂಟಾ? ಇವತ್ತು ನೀನು ಎದುರಿಗೇ ಕೂತಿದ್ದೆ. ಒಂದೂ ಬರಲಿಲ್ಲ."

ಮ್ಯಾಗ್ಡಲಿನ್ ಅವಳ ಹತ್ತಿರಕ್ಕೆ ಸರಿದಳು. ಪತ್ರದಲ್ಲಿ ಬರೆಯಲಾಗದ್ದು, ಅಮ್ಮನಿಗೂ ಪೂರ್ತಿ ಹೇಳದ್ದು ಈಗ ತಾನಾಗಿ ಬಾಯಿಗೆ ಬಂತು.

"ಸ್ಟ್ಯಾನಿಸ್ಲಾಸ್ ಒಳ್ಳೆಯವನೇ. ಕಾರ್ಕಳದಲ್ಲಿ ಮನೆ ಉಂಟು, ತೋಟ ಉಂಟು. ಮದುವೆಯಾದ ಮೇಲೆ ಕೆಲಸ ಬಿಡು ಅಂದ. ನಾನು ಅವನನ್ನೇ ಬಿಟ್ಟೆ."

ಲೊರ್ನಾ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ ನಕ್ಕಳು, ಬನ್ನಂಜೆಯ ಕೋಣೆಯಲ್ಲಿ ನಗುತ್ತಿದ್ದಳಲ್ಲ, ಹಾಗೆಯೇ, ಉಸಿರು ಕಟ್ಟಿಕೊಂಡು. ಮುಂದೆ ಕೂತ ಮೂಸಾಕನೂ ಕೆಮ್ಮಿ ನಗು ಮುಚ್ಚಿಕೊಂಡ.

"ಹೇಳು, ಮೊದಲಿನಿಂದ ಹೇಳು. ಅವನ ಮುಖ ಹೇಗಾಯ್ತು?"

ಕಟಪಾಡಿ ಕಳೆದು ಕಾಪು ಬಂದರೂ ಕಥೆ ಅರ್ಧವೂ ಆಗಿರಲಿಲ್ಲ. ಮ್ಯಾಗ್ಡಲಿನ್ ಕಾರು ನಿಲ್ಲಿಸಲು ಹೇಳಿ ಮನೆಗೆ ಓಡಿದಳು. ಅಮ್ಮನಿಗೆ ಎರಡೇ ಮಾತು ಹೇಳಿ, ಒಂದು ನೈಟಿಯನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ತಿರುಗಿ ಬಂದು ಕೂತಳು.

"ನಂದಿಕೂರಿಗೆ ಬಿಡಿ ಮೂಸಾಕ," ಎಂದಳು. "ನಿಧಾನ ಹೋದರೂ ಅಡ್ಡಿಯಿಲ್ಲ."