ಯಾರ ಹೊಲ ಮೊದಲು

ಭರಣಿ ಮಳೆ ಸುರಿದು ನಿಂತ ಭಾನುವಾರ, ಇನ್ನೂ ಬೆಳಕು ಹರಿಯದ ಹೊತ್ತು. ಕುದೇರಿನ ಬಸವಯ್ಯ ತನ್ನ ಎತ್ತು ಹಿಡಿದುಕೊಂಡು ಮರಿಯಯ್ಯನ ಬಾಗಿಲಲ್ಲಿ ನಿಂತಿದ್ದ. ಇವನದೊಂದು ಎತ್ತು, ಅವನದೊಂದು. ಬಿತ್ತನೆ ಬಂದರೆ ಎರಡನ್ನೂ ಜೊತೆ ಕಟ್ಟಿ ಇಬ್ಬರ ಹೊಲವನ್ನೂ ಬಿತ್ತುತ್ತಿದ್ದರು. ಒಂದು ವರ್ಷ ಇವನದು ಮೊದಲು, ಮರುವರ್ಷ ಅವನದು. ಊರಿಗೆ ಟ್ರ್ಯಾಕ್ಟರ್ ಬಂದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಹೆಂಡತಿ ತೀರಿಹೋದ ಮೇಲೆ ಬಸವಯ್ಯ ಬಾಯಿ ತುಂಬ ಮಾತಾಡುತ್ತಿದ್ದುದು ಆ ನೇಗಿಲ ಹಿಂದೆ ಮಾತ್ರ.

ಈ ಸಲ ಸರದಿ ಮರಿಯಯ್ಯನದು.

"ಲೋ ಮರಿಯಾ, ನಂದು ಕೆಂಪು ಭೂಮಿ ಕಣ್ಲಾ, ನಾಳೀಕೆ ಒಣಗೋಯ್ತದೆ. ನಿಂದು ಎರೆ, ನಾಕು ದಿನ ತೇವ ಹಿಡ್ಕಂಡಿರ್ತದೆ. ಮೊದ್ಲು ನಂದು ಬಿತ್ಬುಡನ."

ಮರಿಯಯ್ಯನ ಹೆಂಡತಿ ಸೋಮಮ್ಮ ಒಳಗಿಂದಲೇ ಕೂಗಿದಳು. "ಏನ್ ಬಸಣ್ಣ, ನಿಮ್ ಹೊಲವೇನು ಎಳೆಗೂಸಾ, ಮೊದ್ಲು ಅದ್ಕೇ ಉಣ್ಸಕೆ?"

"ಸುಮ್ಕಿರಮ್ಮಿ, ಅವ್ನು ಯೋಳದು ದಿಟ," ಎಂದು ಮರಿಯಯ್ಯ ನಕ್ಕು ಎತ್ತು ಬಿಚ್ಚಿದ. ಕತ್ತಲಾಗುವುದರೊಳಗೆ ಬಸವಯ್ಯನ ಹೊಲಕ್ಕೆ ಸೂರ್ಯಕಾಂತಿ ಬಿತ್ತಿ ಮುಗಿಯಿತು. ಸಾಲಿಗೆ ಬೀಜ ಉದುರಿಸಿದವಳು ಆ ಸೋಮಮ್ಮನೇ.

ಮರುದಿನ ಸೋಮವಾರ. ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಇಬ್ಬರೂ ಎತ್ತಿನ ಮೈ ತೊಳೆದು ಜಗಲಿಯ ಮೇಲೆ ಬೀಡಿ ಸೇದುತ್ತ ಕೂತರು. ಬೈಗಿಗೆ ಮೋಡ ಕವಿಯಿತು. ಹಿಡಿದ ಮಳೆ ಕೃತ್ತಿಕೆ ಮುಗಿಯುವವರೆಗೂ ಸರಿಯಾಗಿ ಬಿಡಲಿಲ್ಲ. ಕೆಂಪು ಭೂಮಿ ನೀರು ಕುಡಿದು ಮೊಳಕೆ ಎಬ್ಬಿಸಿತು. ಎರೆ ಹೊಲ ಕೆಸರಾಯಿತು. ಎತ್ತು ಇಳಿಸಿದರೆ ಮೊಣಕಾಲುದ್ದ ಹೂತುಕೊಳ್ಳುತ್ತಿತ್ತು.

ಮರಿಯಯ್ಯ ಬಿತ್ತುವ ಹೊತ್ತಿಗೆ ರೋಹಿಣಿ ಬಂದಿತ್ತು. ಒಂದೂವರೆ ತಿಂಗಳು ಆಗಾಗ ಹನಿದ ಮಳೆ ಆಮೇಲೆ ಮುಖ ತೋರಿಸಲಿಲ್ಲ. ಬಸವಯ್ಯನ ಹೂವು ಅಷ್ಟರಲ್ಲಿ ಕಾಳು ಕಟ್ಟಿಯಾಗಿತ್ತು. ಮರಿಯಯ್ಯನದು ಆಷಾಢದ ಒಣಗಾಳಿಯಲ್ಲಿ ಮೊಗ್ಗೊಡೆಯಿತು. ಮುಷ್ಟಿಯಷ್ಟು ಹೂವು, ಉಜ್ಜಿದರೆ ಬರೀ ಜಳ್ಳು.

ಬಸವಯ್ಯ ಹೇಗೆ ಮುಖ ತೋರಿಸುವುದೆಂದು ಅಳುಕುತ್ತಲೇ ಅವರ ಮನೆಗೆ ಹೋದ. "ಮರಿಯಾ, ಬರೋ ವರ್ಸ ನಿಂದೇ ಮೊದ್ಲು. ಅದ್ರಾಚೆ ವರ್ಸವೂ ನಿಂದೇಯ."

"ಎತ್ತು ಮಾರ್ಬುಟ್ಟೆ ಕಣ್ಲಾ, ಸಂತೆಮರಹಳ್ಳೀಲಿ. ವಯನಾಡಲ್ಲಿ ಸುಂಟಿ ಕೆಲ್ಸ ಐತಂತೆ, ಇಬ್ರೂ ಓಯ್ತೀವಿ."

"ನಂಗೊಂದು ಮಾತು ಯೋಳ್ಬಾರ್ದಾಗಿತ್ತಾ?"

"ಯೋಳಿದ್ರೆ ನೀನು ಬುಡ್ತಿದ್ದಾ? ನೀನೇನು ಮಳೆ ಕಟ್ಟಾಕಿದ್ದಾ, ಯಾಕಂಗೆ ನಿಂತೀಯೆ? ಕೂತ್ಕ."

ಕಂಡಾಗಲೆಲ್ಲ ಕುಟುಕುತ್ತಿದ್ದ ಸೋಮಮ್ಮ ಒಂದು ಲೋಟ ಮಜ್ಜಿಗೆ ತಂದಿಟ್ಟು ಒಳಗೆ ಹೋದಳು. ಅವಳು ಬೈದಿದ್ದರೆ ಬಸವಯ್ಯನಿಗೆ ಕೂರಲು ಧೈರ್ಯ ಬರುತ್ತಿತ್ತೇನೋ. ನಿಂತೇ ಮಜ್ಜಿಗೆ ಕುಡಿದ.

ಮರಿಯಯ್ಯ, ಸೋಮಮ್ಮ ವಯನಾಡಿಗೆಂದು ಗುಂಡ್ಲುಪೇಟೆ ಬಸ್ಸು ಹತ್ತಿ ಹೋದದ್ದು ಆ ಗುರುವಾರ. ಬಸವಯ್ಯನ ಒಂಟಿ ಎತ್ತಿಗೆ ಇನ್ನು ಜೊತೆಯಿರಲಿಲ್ಲ.