ಓದುವವನ ಪಾಲಿನ ಕೆಲಸ

ಗೆಡೆಯೋನನ ಅಟ್ಟದ ಕೋಣೆಯಲ್ಲಿ ಒಂದು ಕಟ್ಟುಪಾಡಿತ್ತು. ಕಿಟಕಿಯ ಮುಂದಿನ ಮೇಜಿಗೆ ಇಬ್ಬರು ಕೂರುತ್ತಿದ್ದರು. ಒಬ್ಬ ಪುಸ್ತಕ ಹಿಡಿದು ಗಟ್ಟಿಯಾಗಿ ಓದಿದರೆ, ಇನ್ನೊಬ್ಬ ತನ್ನ ಕೆಲಸದ ಜೊತೆಗೆ ಓದುವವನ ಪಾಲಿನ ಗಡಿಯಾರದ ಚಕ್ರಗಳನ್ನೂ ಅರದಿಂದ ಉಜ್ಜಿ ಅವನ ತಟ್ಟೆಗೆ ಹಾಕಬೇಕು. ಜಿನೀವಾದ ಗಡಿಯಾರದವರಿಗೆ ಇದೇನೂ ಹೊಸದಲ್ಲ. ಕೈಗೆ ಕೆಲಸವಿದ್ದರೂ ಕಿವಿ ಬಿಡುವಾಗಿಯೇ ಇರುತ್ತದಲ್ಲ.

ಓದುವವನು ಹೆಚ್ಚಾಗಿ ತಿಯೋಡೋರ್. ಇಬ್ಬರೂ ಒಂದೇ ಬೀದಿಯಲ್ಲಿ ಹುಟ್ಟಿ ಒಂದೇ ಗುರುವಿನ ಹತ್ತಿರ ಅರ ಹಿಡಿಯಲು ಕಲಿತವರು. ಆದರೆ ಗೆಡೆಯೋನ್ ನಾಗರಿಕ. ನಗರದ ಮಹಾಸಭೆಯಲ್ಲಿ ಅವನಿಗೆ ಮತವಿತ್ತು. ತಿಯೋಡೋರನ ಅಜ್ಜ ಹೊರಗಿನಿಂದ ಬಂದವನು. ಹಾಗಾಗಿ ಅಪ್ಪ, ಮಗ ಇಬ್ಬರೂ ಇಲ್ಲೇ ಕಣ್ಣು ಬಿಟ್ಟಿದ್ದರೂ ನಗರದ ಕಾಗದಗಳಲ್ಲಿ ಬರೀ 'ಇಲ್ಲಿ ಹುಟ್ಟಿದವರು'. ತೆರಿಗೆ ಕೊಡಬಹುದು, ಮತ ಹಾಕುವಂತಿಲ್ಲ.

ದೊಡ್ಡ ದೊಡ್ಡ ಗ್ರಂಥ ಬರೆದವರಿಗೆ ಈ ಇಬ್ಬರೂ ಅಡ್ಡಹೆಸರು ಇಟ್ಟಿದ್ದರು. ಅಂಕೆ ಇಲ್ಲದಿದ್ದರೆ ಮನುಷ್ಯರು ಒಬ್ಬರನ್ನೊಬ್ಬರು ಹರಿದು ತಿನ್ನುತ್ತಾರೆ ಎಂದ ಇಂಗ್ಲೆಂಡಿನವನು ಹೆದರುಪುಕ್ಕ. ದುಡಿದ ಕೈಗೇ ಆಸ್ತಿ ಸೇರಬೇಕು, ಆಸ್ತಿ ಕಾಯದ ಸರ್ಕಾರವನ್ನು ಕಿತ್ತುಹಾಕಬಹುದು, ಹುಟ್ಟುವಾಗ ಎಲ್ಲರ ತಲೆಯೂ ಖಾಲಿ ಎಂದ ಇನ್ನೊಬ್ಬ ಇಂಗ್ಲೆಂಡಿನವನು ಬೇಲಿಯವನು. ಮನುಷ್ಯ ಮೂಲದಲ್ಲಿ ಒಳ್ಳೆಯವನೇ, ಆ ಬೇಲಿಯೇ ಅವನನ್ನು ಕೆಡಿಸಿತು ಎಂದವನು ಈ ಊರಿನ ಗಡಿಯಾರದವನ ಮಗ. ಅವನಿಗೆ 'ನಮ್ಮ ಬೀದಿಯವನು' ಎಂದೇ ಹೆಸರು. ಅವನ ಪುಸ್ತಕವನ್ನು ನಗರದ ಆಡಳಿತದವರು ಸುಡಿಸಿದ್ದರು. ಆದರೂ ಒಂದು ಪ್ರತಿ ಗೆಡೆಯೋನನ ಉಪಕರಣಗಳ ಪೆಟ್ಟಿಗೆಯ ತಳದಲ್ಲಿತ್ತು.

"ಹೆದರುಪುಕ್ಕ ಹೇಳೋದೇ ಸರಿ ಕಣೋ," ಎನ್ನುತ್ತಿದ್ದ ಗೆಡೆಯೋನ್. "ತಲೆ ಮೇಲೆ ಒಬ್ಬ ಯಜಮಾನ ಇಲ್ದಿದ್ರೆ ನಾಳೆನೇ ನಿನ್ನ ಅರ ಕದೀತೀನಿ."

"ಊರಾಳೋ ಯಜಮಾನರು ಇಪ್ಪತ್ತೈದು ಜನ ಇದ್ದೂ ಕದ್ದಿದೀಯಲ್ಲೋ. ನಿನ್ನ ಕೈಲಿರೋದು ನಂದೇ."

ಮೂಲೆಯಲ್ಲಿ ಗಡಿಯಾರದ ಚಿಪ್ಪಿಗೆ ಹೊಳಪು ಕೊಡುತ್ತಿದ್ದ ಗೆಡೆಯೋನನ ಅಕ್ಕ ಪೆರ್ನೆತ್ ತಲೆಯೆತ್ತದೆ ಕೇಳುತ್ತಿದ್ದಳು: "ಆ ಮೂರು ಜನದಲ್ಲಿ ಸೂಪು ಉಕ್ಕದ ಹಾಗೆ ನೋಡ್ಕೊಳ್ಳೋಕೆ ಬರೋದು ಯಾರಿಗಪ್ಪಾ?"

ಒಂದು ವರ್ಷ ಫೆಬ್ರವರಿಯ ಸೋಮವಾರ ತಿಯೋಡೋರ್ ಆ ಸುಡಿಸಿದ ಪುಸ್ತಕದ ಪ್ರತಿಯನ್ನೇ ಓದುತ್ತಿದ್ದ. ಆಸ್ತಿಯ ಮಾತು ಬಂತು, ವಾದ ಏರಿತು. ಗೆಡೆಯೋನ್ ಅರ ಕೆಳಗಿಟ್ಟು ಎರಡೂ ಕೈಯಾಡಿಸಿ ಮಾತಾಡಿದ. ಸಂಜೆಯಾದರೂ ತಿಯೋಡೋರನ ತಟ್ಟೆಗೆ ಒಂದು ಚಕ್ರವೂ ಬೀಳಲಿಲ್ಲ. ಅದೇ ಹೊತ್ತಿಗೆ ಎರಡು ಬೀದಿ ಆಚೆ ಮತವಿಲ್ಲದವರು ಗುಂಪುಗೂಡಿ ಕೂಗಾಡಿ, ಕಾವಲಿನವರ ಮೇಲೆ ಕಲ್ಲು ತೂರಿದ್ದರು.

ಮರುದಿನ ಗಡಿಯಾರದವರ ಸಂಘದ ತಪಾಸಣೆಯವನು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ತಿಯೋಡೋರನನ್ನು ಗುಂಪಿನಲ್ಲಿ ಕಂಡೆನೆಂದು ಯಾರೋ ಹೇಳಿದ್ದರು. ತಪಾಸಣೆಯವನು ತಿಯೋಡೋರನ ಖಾಲಿ ತಟ್ಟೆ ನೋಡಿದ.

"ನಿನ್ನೆ ಕೆಲಸವೇ ಮಾಡಿಲ್ಲವಲ್ಲ ಇವನು. ಇಲ್ಲೇ ಇದ್ದಿದ್ರೆ ಏನ್ ಮಾಡ್ತಿದ್ದ?"

ತಿಯೋಡೋರ್ ಗೆಳೆಯನ ಮುಖ ನೋಡಿದ. ಓದುತ್ತಿದ್ದ ಎಂದರೆ ಏನನ್ನು ಎಂದು ಕೇಳುತ್ತಾರೆ. ಪೆಟ್ಟಿಗೆ ತೆಗೆಸುತ್ತಾರೆ. ಅಲ್ಲಿಗೆ ಗೆಡೆಯೋನನ ಮತವೂ ಹೋಯಿತು, ಮೇಜೂ ಹೋಯಿತು. ಗೆಡೆಯೋನ್ ಕಿಟಕಿಯ ಕಡೆ ತಿರುಗಿದ.

ಅಂದೇ ಸಂಜೆ ಬಂದ ಆಡಳಿತದವರ ತೀರ್ಪು ಸರಳವಾಗಿತ್ತು: ಗುರುವಾರ ಮಧ್ಯಾಹ್ನದೊಳಗೆ ನಾಗರಿಕನೊಬ್ಬ ನಗರಸಭೆಗೆ ಬಂದು, ಇವನು ಆ ಗುಂಪಿನಲ್ಲಿರಲಿಲ್ಲ ಎಂದು ಆಣೆ ಮಾಡಬೇಕು. ಇಲ್ಲದಿದ್ದರೆ ತಿಯೋಡೋರ್ ಹೆಂಡತಿ ಮಕ್ಕಳೊಂದಿಗೆ ಊರು ಬಿಡಬೇಕು.

ಗೆಡೆಯೋನ್ ಹೋಗುವುದಿಲ್ಲ ಎನ್ನಲಿಲ್ಲ. ಆದರೆ ಮೊದಲು ವಿಷಯ ಇತ್ಯರ್ಥವಾಗಲಿ ಎಂದುಕೊಂಡ. ಸರ್ಕಾರ ತಪ್ಪು ಮಾಡಿದಾಗ ಪ್ರಜೆ ಎದುರು ನಿಲ್ಲಬಹುದೇ? ಬುಧವಾರ ಪೂರ್ತಿ ಪುಸ್ತಕಗಳನ್ನು ಹರಡಿಕೊಂಡು ಕೂತ. ಹೆದರುಪುಕ್ಕ ಬೇಡವೆಂದ, ಬೇಲಿಯವನು ಸರ್ಕಾರ ಮಿತಿ ಮೀರಿದರೆ ನಿಲ್ಲಬಹುದೆಂದ, ನಮ್ಮ ಬೀದಿಯವನ ಮಾತು ಒಂದು ಪುಟದಲ್ಲಿ ಹೌದು ಅನ್ನಿಸಿದರೆ ಇನ್ನೊಂದರಲ್ಲಿ ಅಲ್ಲ ಅನ್ನಿಸುತ್ತಿತ್ತು.

"ನೀನು ಹುಡುಕ್ತಿರೋದು ಏನು?" ಪೆರ್ನೆತ್ ಕೇಳಿದಳು.

"ಯಾರು ಸರಿ ಅಂತ."

"ತಿಯೋಡೋರ್ ಸೋಮವಾರ ಎಲ್ಲಿದ್ದ ಅಂತ ಯಾವ ಪುಸ್ತಕದಲ್ಲಿ ಬರ್ದಿದೆ ಹೇಳು, ನಾನೂ ಹುಡುಕ್ತೀನಿ."

"ನಿಂಗರ್ಥ ಆಗಲ್ಲಕ್ಕ."

"ಆಗೋದು ಬೇಡ ಬಿಡು. ಈ ಕಣ್ಣಲ್ಲಿ ನೋಡಿದ್ದು ನೋಡಿದ್ದೇ." ಶಾಲು ಹೊದ್ದು ಅವಳೇ ನಗರಸಭೆಗೆ ಹೋದಳು. ಹೆಂಗಸಿನ ಆಣೆ ಇದಕ್ಕೆ ನಡೆಯುವುದಿಲ್ಲವೆಂದು ಬಾಗಿಲಲ್ಲೇ ತಿರುಗಿಸಿ ಕಳಿಸಿದರು.

ಗುರುವಾರ ಗೆಡೆಯೋನ್ ಕೊನೆಗೂ ಕಪ್ಪು ಕೋಟು ತೊಟ್ಟ. ಪುಸ್ತಕದಿಂದಲ್ಲ, ಗುಂಡಿಗಳನ್ನು ಹಾಕಿ ಹಾಕಿ ಬಿಚ್ಚುತ್ತಿದ್ದ ತನ್ನ ಕೈಗಳನ್ನು ನೋಡಿ ಅವನಿಗೆ ತಿಳಿದಿತ್ತು: ತಾನು ಹುಡುಕುತ್ತಿದ್ದುದು ಸರಿಯನ್ನಲ್ಲ, ಹೋಗದಿರಲು ಒಂದು ನೆಪವನ್ನು. ಅವನು ಸೇತುವೆಯ ನಡುವೆ ಇದ್ದಾಗ ದೊಡ್ಡ ಚರ್ಚಿನ ಗಂಟೆ ಹನ್ನೆರಡು ಹೊಡೆಯಿತು. ಓಡಿದ. ನಗರಸಭೆಯಲ್ಲಿ ಗುಮಾಸ್ತ ತಿಯೋಡೋರನ ಗಡೀಪಾರಿನ ಕಾಗದ ಬರೆದು ಮಡಚಿ ಇಟ್ಟಾಗಿತ್ತು.

"ಎರಡು ದಿನ ಏನ್ ಮಾಡ್ತಿದ್ರಿ ಸ್ವಾಮಿ?" ಎಂದ ಅವನು. ಆ ಪ್ರಶ್ನೆಯಲ್ಲಿ ಹಗೆ ಇರಲಿಲ್ಲ, ಅಚ್ಚರಿ ಇತ್ತು.

ಒಂದೂವರೆ ವರ್ಷದ ಮೇಲೆ ಗೆಡೆಯೋನ್ ಗಡಿಯಾಚೆಯ ಹಳ್ಳಿಗೆ ನಡೆದುಹೋದ. ತಿಯೋಡೋರ್ ಅಲ್ಲೊಂದು ಕೋಣೆ ಹಿಡಿದು ಫ್ರಾನ್ಸಿನವರಿಗೆ ಕೆಲಸ ಮಾಡುತ್ತಿದ್ದ. ಕೂದಲು ನರೆತಿತ್ತು. ಬಾಗಿಲಲ್ಲಿ ಗೆಳೆಯನನ್ನು ಕಂಡವನು ಎದ್ದು ಕುರ್ಚಿ ಎಳೆದ.

"ಬನ್ನಿ, ಕೂತ್ಕೊಳ್ಳಿ."

'ಬನ್ನಿ' ಎಂಬುದು ಗೆಡೆಯೋನನಿಗೆ ನಾಟಿತು. ಅವನು ಕೂರಲಿಲ್ಲ.

"ಯಾರು ಗೆದ್ರು ಕೊನೆಗೆ?" ತಿಯೋಡೋರ್ ಕೇಳಿದ. "ಹೆದರುಪುಕ್ಕನಾ?"

"ಹೌದು. ಪುಸ್ತಕದವನಲ್ಲ. ನಾನು."

ತಿಯೋಡೋರನ ತುಟಿ ಹಳೆಯ ಹಾಗೆ ನಗಲು ಹೊರಟು ಅರ್ಧಕ್ಕೆ ನಿಂತಿತು. ಗೆಡೆಯೋನ್ ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದ. ಹನ್ನೆರಡು ಹಿತ್ತಾಳೆ ಚಕ್ರಗಳು, ಒಂದೊಂದು ಹಲ್ಲೂ ನಯವಾಗಿ ಉಜ್ಜಿದ್ದವು.

"ಏನಿದು?"

"ಆ ಸೋಮವಾರದ್ದು. ನಿನ್ನ ಪಾಲು. ಮಾಡಿರಲಿಲ್ಲವಲ್ಲ."

ತಿಯೋಡೋರ್ ಒಂದು ಚಕ್ರವನ್ನು ಚಿಮಟದಲ್ಲಿ ಎತ್ತಿ ಭೂತಗನ್ನಡಿಯಡಿ ಬಹಳ ಹೊತ್ತು ತಿರುಗಿಸಿ ನೋಡಿದ.

"ಕೆಲಸ ಚೆನ್ನಾಗಿದೆ," ಎಂದ. "ಆದ್ರೆ ನಾವಿಲ್ಲಿ ಬೇರೆ ಅಳತೆ ಮಾಡ್ತೀವಿ. ಇದು ಯಾವುದಕ್ಕೂ ಕೂರಲ್ಲ." ಬಟ್ಟೆಯನ್ನು ಮತ್ತೆ ಗಂಟು ಕಟ್ಟಿ, ಮೆಲ್ಲಗೆ ಅವನ ಕೈಗೇ ಕೊಟ್ಟ. "ಹೊರಡಿ, ಕತ್ತಲಾಗೋ ಮುಂಚೆ ಕೋಟೆ ಬಾಗಿಲು ಹಾಕಿಬಿಡ್ತಾರೆ. ಪೆರ್ನೆತ್ ಅಕ್ಕಂಗೆ ಕೇಳ್ದೆ ಅಂತ ಹೇಳಿ."

ಗೆಡೆಯೋನ್ ಹೊತ್ತಿಗೆ ಸರಿಯಾಗಿ ತಲುಪಿದ. ಬಾಗಿಲ ಕಾವಲಿನವನು ನಾಗರಿಕನೆಂದು ಗುರುತು ಹಿಡಿದು ಟೋಪಿ ಎತ್ತಿ ದಾರಿ ಬಿಟ್ಟ. ಹೆಸರೇನು, ಯಾವ ಊರು ಎಂದು ಯಾರೂ ಕೇಳಲಿಲ್ಲ.