ಉಜ್ವಲನ ಎಲೆ

ಫ್ಲೆಕ್ಸಿನಲ್ಲಿದ್ದ ಕೈ ಮಗನದ್ದಲ್ಲ.

ಶಿರ್ತಾಡಿಯ ಮನೆಯಂಗಳದಲ್ಲಿ ಶಾಮಿಯಾನದ ಕಂಬಕ್ಕೆ ಕಟ್ಟಿದ್ದ ಅದನ್ನು ಜಲಜಾಕ್ಷಿ ಬೆಳಗ್ಗಿನಿಂದ ಮೂರು ಸಲ ನೋಡಿದ್ದಳು. ಮುಖವೇನೋ ಉಜ್ವಲನದೇ, ಅವನ ಅಕ್ಕ ಸಾತ್ವಿಕಾಳ ಮೆಹಂದಿಯ ದಿನ ತೆಗೆದದ್ದು. ಕುತ್ತಿಗೆಯಿಂದ ಕೆಳಗೆ ಯಾರೋ ಭಾರತೀಯ ಸೈನಿಕ, ಎದೆಯ ತುಂಬ ಪದಕ, ಕೈಯಲ್ಲಿ ಬಂದೂಕು. ಫ್ಲೆಕ್ಸ್ ಅಂಗಡಿಯವರು ಆ ಮೈಗೆ ಈ ತಲೆ ಅಂಟಿಸಿ 'ವೀರಯೋಧನಿಗೆ ನುಡಿನಮನ' ಎಂದು ಬರೆದಿದ್ದರು. ಕೆಳಗೆ ಅವಳ ಅಣ್ಣ ಲೋಕನಾಥನ ಹೆಸರು, ಮೂಡುಬಿದಿರೆಯಲ್ಲಿರುವ ಅವನ ಹೋಟೆಲಿನ ಹೆಸರು.

ಉಜ್ವಲನ ಬಲಗೈ ಮೇಲೆ ಎಣ್ಣೆ ಹಾರಿದ ಕಲೆಯಿತ್ತು. ಹದಿನೇಳನೇ ವಯಸ್ಸಿನಲ್ಲಿ ಅದೇ ಹೋಟೆಲಿನಲ್ಲಿ ಕಾದ ಎಣ್ಣೆಗೆ ಗೋಳಿಬಜೆಯ ಹಿಟ್ಟು ಬಿಡುವಾಗ ಆದದ್ದು. ಫ್ಲೆಕ್ಸಿನ ಕೈ ನುಣ್ಣಗಿತ್ತು.

ಮುಂದೆ ದುಬೈಗೆ ಹೋದ ಉಜ್ವಲ ಅಲ್ಲಿ ಕೆಲಸಕ್ಕಿದ್ದ ಹೋಟೆಲು ಮುಚ್ಚಿದಾಗ ಏಜೆಂಟನನ್ನು ಹುಡುಕಿಕೊಟ್ಟವನು ಲೋಕನಾಥನೇ. ರಷ್ಯಾದಲ್ಲಿ ಸೈನ್ಯದವರಿಗೆ ಅಡುಗೆ ಮಾಡುವ ಕೆಲಸ ಎಂದಿದ್ದ. "ಯುದ್ಧಕ್ಕೂ ಅಡುಗೆಮನೆಗೂ ಎಂತ ಸಂಬಂಧ?" ಎಂದು ನಕ್ಕಿದ್ದ. ಅಲ್ಲಿಗೆ ಮುಟ್ಟಿದ ಮೂರನೇ ದಿನ ಮಗ ಫೋನ್ ಮಾಡಿದ.

"ಅಮ್ಮಾ, ಕಾಗದ ಕೊಟ್ಟಿದ್ದಾರೆ. ಒಂದಕ್ಷರ ಓದ್ಲಿಕ್ಕೆ ಆಗುದಿಲ್ಲ. ಸೈನ್ ಹಾಕುದಾ?"

"ತಡಿ, ಮಾವನ ಹತ್ರ ಕೇಳ್ತೇನೆ."

ಕೇಳದೆ ಹೇಗೆ? ಗಂಡ ತೀರಿದ ಮೇಲೆ ಅವಳು ತಾಯಿಮನೆಯಲ್ಲೇ ಇದ್ದವಳು. ಆ ಕುಟುಂಬದಲ್ಲಿ ಸೋದರಮಾವನ ಮಾತಿಲ್ಲದೆ ಮಕ್ಕಳು ಶಾಲೆಯನ್ನೂ ಬದಲಿಸಿರಲಿಲ್ಲ.

ಲೋಕನಾಥ ಹೋಟೆಲಿನ ಗಲ್ಲಾದಲ್ಲಿದ್ದ. "ಹಾಕ್ಲಿಕ್ಕೆ ಹೇಳು ಮಾರಾಯ್ತಿ. ಎಲ್ಲರೂ ಹಾಕ್ತಾರೆ. ಓದಿ ಸೈನ್ ಹಾಕ್ಲಿಕ್ಕೆ ಅವನೇನು ವಕೀಲನಾ?"

"ಹಾಕು ಮಗಾ. ಮಾವ ಹೇಳಿದ್ದಾರೆ" ಎಂದು ಜಲಜಾಕ್ಷಿ ಮಗನಿಗೆ ದಾಟಿಸಿದಳು.

ಹದಿನೈದು ದಿನ ಬಿಟ್ಟು ಬಂದ ಫೋನಿನಲ್ಲಿ ಗಾಳಿಯ ಸದ್ದೇ ಹೆಚ್ಚು. "ಅಮ್ಮಾ, ಇಲ್ಲಿ ಒಲೆಯೇ ಇಲ್ಲ" ಎಂದ. ಅದು ಅವನ ಕೊನೆಯ ಮಾತು. ಆಮೇಲೆ ಬಂದದ್ದು ಸಾವಿನ ಸುದ್ದಿ, ಅದರ ಹಿಂದೆ ಒಂದು ಕಾಗದ. ಅದನ್ನೂ ಓದಲು ಬರಲಿಲ್ಲ. ಮೈ ಬರಲೇ ಇಲ್ಲ.

ಈಗ ಅಂಗಳದಲ್ಲಿ ಉತ್ತರಕ್ರಿಯೆಗೆ ಬಂದವರೆಲ್ಲ ಕುರ್ಚಿ ಹಿಡಿದಿದ್ದರು. ಊಟಕ್ಕೆ ಮೊದಲು ನುಡಿನಮನ. ಊರಿನ ಸಂಘದ ಅಧ್ಯಕ್ಷರು ಎದೆಗಾರಿಕೆ, ಬಲಿದಾನ ಎಂದೆಲ್ಲ ಮಾತಾಡಿ ಕುಳಿತರು. ಲೋಕನಾಥ ಮೈಕ್ ಹಿಡಿದ.

"ನನ್ನ ಅಳಿಯ ಚಿಕ್ಕಂದಿನಿಂದಲೇ ಸೈನಿಕನಾಗುವ ಕನಸು ಕಂಡವನು. ಗುಂಡಿಗೆ ಹೆದರದ ಗಂಡು..."

ಪಕ್ಕದ ಮನೆಯ ನಬೀಸಾ ಜಲಜಾಕ್ಷಿಯ ಮೊಣಕೈ ತಿವಿದಳು. "ಯಾರು, ಉಜ್ವಲನಾ? ದೀಪಾವಳಿ ಬಂದರೆ ಪಟಾಕಿಗೆ ಹೆದರಿ ನಮ್ಮ ಮಂಚದಡಿ ಕೂರುತ್ತಿದ್ದವ!"

ಜಲಜಾಕ್ಷಿಗೆ ನಗು ಬಂತು. ಅದರ ಬೆನ್ನಿಗೇ ಇನ್ನೊಂದು ಎದ್ದಿತು. ಅಳು ಎಂದುಕೊಂಡಳು, ಅಲ್ಲ, ಸಿಟ್ಟು. ಇಷ್ಟು ದಿನ ಅವಳು ಅದನ್ನು ಅಣ್ಣನ ಮರ್ಯಾದೆಗೆಂದು ಮುಚ್ಚಿಟ್ಟಿದ್ದಳು. ಪಟಾಕಿಗೆ ಹೆದರುತ್ತಿದ್ದ ಮಗನನ್ನು, ಗೋಳಿಬಜೆ ಕರಿಯುತ್ತಿದ್ದ ಮಗನನ್ನು ಇವರು ಎರಡನೇ ಸಲ ಕೊಲ್ಲುತ್ತಿದ್ದರು. ಕನಸು ಅವನದೇ ಆಗಿಬಿಟ್ಟರೆ ಕಳಿಸಿದವರು ಯಾರು ಎಂದು ಇನ್ನು ಯಾರೂ ಕೇಳಬೇಕಾಗಿಲ್ಲ. ಅವಳನ್ನೂ ಕೇಳಬೇಕಾಗಿಲ್ಲ. ಆ ಸುಳ್ಳಿನಲ್ಲಿ ಅವಳಿಗೂ ಒಂದು ಕುರ್ಚಿ ಹಾಕಿಟ್ಟಿದ್ದರು.

ಒಳಕೋಣೆಯಲ್ಲಿ ಬಾಳೆಲೆ ಹಾಕಿಯಾಗಿತ್ತು. ಸತ್ತವನನ್ನು ಹೆಸರು ಹಿಡಿದು ಊಟಕ್ಕೆ ಕರೆದು, ಮನೆಯ ಹಿರಿಯರ ಜೊತೆ ಸೇರಿಸಿ, ಬಾಗಿಲು ಎಳೆದುಕೊಂಡು ಹೊರಗೆ ಬರಬೇಕು. ಕರೆಯಬೇಕಾದವನು ಸೋದರಮಾವ. ಎಲೆಯ ತುದಿಗೆ ಜಲಜಾಕ್ಷಿ ಗೋಳಿಬಜೆ ಬಡಿಸಿದಳು. ಲೋಕನಾಥ ಶಾಲು ಸರಿಮಾಡಿಕೊಂಡು ಬಂದು ನಿಂತ.

"ಅಣ್ಣ, ಎಂತ ಹೇಳಿ ಕರೀತೀರಿ?"

"ಎಂತ ಅಂದರೆ? ಎಲ್ಲರನ್ನೂ ಕರೆಯುವ ಹಾಗೆ."

"ವೀರಯೋಧ ಅಂತ ಕರೆದರೆ ಅವ ಬರುದಿಲ್ಲ. ಅವನಿಗೆ ಆ ಹೆಸರು ಗೊತ್ತಿಲ್ಲ. ಅಡುಗೆ ಕೆಲಸ ಉಂಟು ಅಂತ ಹೇಳಿದವ ಕರೀತಿದ್ದೇನೆ, ಬಾ ಅಂತ ಹೇಳಿ. ಓದದೆ ಸೈನ್ ಹಾಕ್ಲಿಕ್ಕೆ ಹೇಳಿದವ ಅಂತ ಹೇಳಿ."

"ಜಲಜಾ, ಜನ ಇದ್ದಾರೆ. ಮೆಲ್ಲ ಮಾತಾಡು."

"ಆಗ ಮೈಕಿನಲ್ಲಿ ಮಾತಾಡಿದಿರಲ್ಲ? ಆಗ ಜನ ಇರಲಿಲ್ಲವಾ?"

"ನನಗೆ ಗೊತ್ತಿತ್ತಾ ಹೀಗಾಗ್ತದೆ ಅಂತ? ನಾನೂ ಅವನನ್ನು ಎತ್ತಿ ಆಡಿಸಿದವ."

"ಗೊತ್ತಿರಲಿಲ್ಲ. ಸರಿ. ಅದನ್ನೇ ಅವನಿಗೆ ಹೇಳಿ."

ಬಾಗಿಲ ಬಳಿ ಹೆಂಗಸರು ತುಂಬಿಕೊಂಡಿದ್ದರು. ಲೋಕನಾಥ ಎಲೆಯ ಕಡೆಗೆ ತಿರುಗಿದ. ಬಾಯಿ ತೆರೆದ. ಅಳಿಯನ ಹೆಸರಿನ ಮೊದಲ ಅಕ್ಷರವೂ ಹೊರಡಲಿಲ್ಲ. ಅವನ ಕಣ್ಣು ಗೋಳಿಬಜೆಯ ಮೇಲೇ ಇತ್ತು.

"ಹೊರಗೆ ಹೋಗಿ" ಎಂದಳು ಜಲಜಾಕ್ಷಿ. "ನಾನು ಕರೀತೇನೆ."

"ಹೆಂಗಸರು ಕರೆಯುವ ಕ್ರಮ ಇಲ್ಲ..." ಎಂದು ಯಾರೋ ಹಿರಿಯರು ಹಿಂದಿನಿಂದ ಹೇಳಿದರು.

"ಸೈನ್ ಹಾಕ್ಲಿಕ್ಕೆ ಹೇಳುವ ಕ್ರಮ ಇತ್ತು, ಅಲ್ಲವಾ?"

ಲೋಕನಾಥ ಹೊರಗೆ ಹೋದ. ಯಾರೂ ಅವನಿಗೆ ದಾರಿ ಬಿಡಲಿಲ್ಲ, ತಡೆಯಲೂ ಇಲ್ಲ. ಅವನೇ ಮೈ ಸಣ್ಣ ಮಾಡಿಕೊಂಡು ನುಸುಳಿದ.

ಅವಳು ಎಲೆಯ ಮುಂದೆ ಕುಳಿತಳು. ಅಂಗಳಕ್ಕೆ ಕೇಳುವಷ್ಟು ಗಟ್ಟಿಯಾಗಿಯೇ ಕರೆದಳು.

"ಉಜ್ವಲಾ, ಬಾ ಮಗಾ. ಕೊನೆಗೆ ಸೈನ್ ಹಾಕು ಅಂತ ಹೇಳಿದ್ದು ನಾನೇ. ಉಣ್ಣಲಿಕ್ಕೆ ಮನಸ್ಸಿಲ್ಲದಿದ್ದರೆ ನನಗೆ ಬೈಯ್ಲಿಕ್ಕಾದರೂ ಬಾ."

ಎದ್ದು ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಆಮೇಲೆ ನೇರ ಅಂಗಳಕ್ಕಿಳಿದು, ಕಂಬಕ್ಕೆ ಕಟ್ಟಿದ ಫ್ಲೆಕ್ಸಿನ ಹಗ್ಗ ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. ನಬೀಸಾ ಅಡುಗೆಯವರ ಕತ್ತಿ ತಂದು ಕೊಟ್ಟಳು.